ನಾಲ್ಕು ಮಿಲಿಮೀಟರ್

ದಿನಕ್ಕೆ ಒಂದೇ ಪ್ರಶ್ನೆ ಎಂಬುದು ನಾನೇ ಮಾಡಿದ ನಿಯಮ. ಬೆಳಿಗ್ಗೆ ಹಿಂಬಾಗಿಲಿನಿಂದ ಅಂಗಡಿಯೊಳಗೆ ಬರುತ್ತೇವೆ, ದೀಪ ಹಾಕುತ್ತೇವೆ, ಶಟರ್ ಎತ್ತುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ, ನನ್ನ ಗಂಡ ಉತ್ತರ ಹೇಳುತ್ತಾನೆ. ಆಮೇಲೆ ಅವನು ಮುಂದಿನ ಕತ್ತಲೆ ಕೋಣೆಗೆ ಹೋಗಿ ಕಣ್ಣು ಪರೀಕ್ಷೆಯ ಕುರ್ಚಿ ಒರೆಸುತ್ತಾನೆ, ನಾನು ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರಕ್ಕೆ ನೀರು ತುಂಬುತ್ತೇನೆ. ಉತ್ತರದಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದರೂ ಅಕ್ಕನ ಮನೆಗೆ ಹೊರಟುಬಿಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಅವನು ಒಪ್ಪಿಕೊಂಡಿದ್ದ. ಒಪ್ಪಿಕೊಳ್ಳುವುದರಲ್ಲಿ ಅವನು ಎತ್ತಿದ ಕೈ.

ಅವನು ನನಗೆ ಹೇಳಿದ್ದು ಒಂದು ಭಾನುವಾರ ಮಧ್ಯಾಹ್ನ. ನಾನು ಅಡುಗೆಮನೆಯ ಮೇಜಿನ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ಅವನು ಬಂದು ಎದುರಿಗೆ ಕೂತ. ಲೈಬ್ರರಿಯವಳ ಜೊತೆ, ಎಂಟು ತಿಂಗಳು, ಈಗ ಮುಗಿದಿದೆ, ಅವಳೇ ಬೇಡ ಅಂದಳು, ನಿನಗೆ ಹೇಳದೆ ಇರಲಿಕ್ಕೆ ಆಗುತ್ತಿಲ್ಲ. ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ. ಬಸ್ ಡಿಪೋದ ಆಚೆಗಿರುವ ಸರ್ಕಾರಿ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹೆಂಗಸು. ನಮ್ಮದೇ ಗಿರಾಕಿ. ದಪ್ಪ ಗಾಜಿನವಳು. ನನ್ನ ಕೈಯಲ್ಲಿ ಅವನ ಅಂಗಿ ಇತ್ತು. ಅದನ್ನು ಪೂರ್ತಿ ಮಡಿಸಿದೆ. ಬಿಚ್ಚಿದೆ. ಮತ್ತೆ ಮಡಿಸಿದೆ. ಅಳು ಬರಲಿಲ್ಲ. ಎದ್ದು ಹೊರಗೆ ಹೋಗಿ ರಸ್ತೆಯ ಕೊನೆಯವರೆಗೆ ನಡೆದೆ, ಅಲ್ಲಿಂದ ವಾಪಸು ಬಂದೆ, ಮತ್ತೆ ಹೋದೆ. ಆವತ್ತಿನಿಂದ ನನ್ನ ಕಾಲು ನಿಂತಿಲ್ಲ.

ಕೆಲಸ ಮಾಡುವಾಗ ಕೂರುವ ಎತ್ತರದ ಸ್ಟೂಲು ಈಗ ಗೋಡೆಗೆ ಒರಗಿಕೊಂಡಿದೆ. ನಾನು ನಿಂತೇ ಲೆನ್ಸ್ ಉಜ್ಜುತ್ತೇನೆ. ಯಂತ್ರ ತಿರುಗುತ್ತಿರುವ ಮೂರು ನಿಮಿಷದಲ್ಲಿ ಕಿಟಕಿಗೆ ಹೋಗಿ ಬರುತ್ತೇನೆ, ಕೈ ತೊಳೆಯುತ್ತೇನೆ, ಸ್ಕ್ರೂ ಡಬ್ಬಿಗಳನ್ನು ಒಂದರ ಜಾಗದಲ್ಲಿ ಇನ್ನೊಂದಿಟ್ಟು ಮತ್ತೆ ಮೊದಲಿನ ಹಾಗೆ ಇಡುತ್ತೇನೆ. ಮನೆಯಲ್ಲಿ ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ಏನನ್ನೋ ತರಲು ಹೋಗುತ್ತೇನೆ, ಹೋದಮೇಲೆ ಏನು ತರಲು ಬಂದೆ ಎಂದು ಮರೆಯುತ್ತೇನೆ.

ಮೊದಮೊದಲು ಪ್ರಶ್ನೆಗಳು ದೊಡ್ಡವಾಗಿದ್ದವು. ಯಾಕೆ? ಎಲ್ಲಿ? ನಾನೇನು ಮಾಡಿದ್ದೆ? ದೊಡ್ಡ ಪ್ರಶ್ನೆಗೆ ಅವನು ದೊಡ್ಡ ಉತ್ತರ ಕೊಡುತ್ತಿದ್ದ, ಅದರಲ್ಲಿ ಹಿಡಿಯಲಿಕ್ಕೆ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಪ್ರಶ್ನೆಗಳನ್ನು ಸಣ್ಣದು ಮಾಡುತ್ತ ಬಂದೆ. ಅವಳ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡುತ್ತಿದ್ದೆ? ಬಾಗಿಲ ಒಳಗೆ. ಅವಳ ಟೀಗೆ ಸಕ್ಕರೆ ಎಷ್ಟು? ಹಾಕುವುದಿಲ್ಲ. ಹದಿಮೂರನೆಯ ದಿನವೋ ಹದಿನಾಲ್ಕನೆಯ ದಿನವೋ, ಅವಳ ಎದುರು ನನ್ನನ್ನು ಏನೆಂದು ಕರೆಯುತ್ತಿದ್ದೆ ಎಂದು ಕೇಳಿದೆ. ಅವನು, ನಿನ್ನ ಮಾತೇ ಬರುತ್ತಿರಲಿಲ್ಲ ಎಂದ. ಆ ದಿನ ನಾನು ಎರಡು ಲೆನ್ಸ್ ಒಡೆದೆ.

ಅಕ್ಕ ದಿನಾ ಮಧ್ಯಾಹ್ನ ಫೋನು ಮಾಡುತ್ತಾಳೆ. ಅವಳು ಶಾಲೆಯೊಂದರಲ್ಲಿ ಲೆಕ್ಕದ ಟೀಚರು, ಯಾರ ಮಾತನ್ನೂ ಎರಡನೆಯ ಸಲ ಕೇಳುವವಳಲ್ಲ.

"ಇವತ್ತಿನ ಪ್ರಶ್ನೆ ಏನಿತ್ತೇ?" ಅನ್ನುತ್ತಾಳೆ. "ಕ್ವಿಜ್ ಮುಗಿದ ಮೇಲೆ ಬಹುಮಾನ ಯಾರಿಗೆ ಕೊಡ್ತೀಯ? ಬಂದುಬಿಡು. ಮೇಲಿನ ರೂಮು ಗುಡಿಸಿಟ್ಟಿದ್ದೀನಿ."

ಇನ್ನೂ ಸುಳ್ಳು ಸಿಕ್ಕಿಲ್ಲ ಅಕ್ಕ, ಎಂದು ನಾನು ಅನ್ನುತ್ತೇನೆ. ಹುಡುಕಿದರೆ ಸಿಗುತ್ತೆ, ಹುಡುಕದಿದ್ದರೂ ಸಿಗುತ್ತೆ, ಎಂದು ಅವಳು ಫೋನಿಡುತ್ತಾಳೆ.

ಅಂಗಡಿ ನಮ್ಮ ಮಾವನದು. ಬೋರ್ಡಿನ ಮೇಲೆ ಕನ್ನಡಕ ಹಾಕಿಕೊಂಡ ಗೂಬೆಯ ಚಿತ್ರವಿದೆ, ಹಾಗಾಗಿ ಇಡೀ ಬೀದಿಗೆ ಇದು ಗೂಬೆ ಅಂಗಡಿ. ಮಾವನನ್ನು ಗೂಬೆ ಯಜಮಾನರು ಎಂದು ಅವರ ಎದುರಿಗೇ ಕರೆಯುತ್ತಾರೆ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹಗಲು ಕಾಣಿಸದಿದ್ದರೂ ಗಿರಾಕಿ ಕಾಣಿಸುತ್ತಾರೆ ಬಿಡಿ, ಎಂದು ನಗುತ್ತಾರೆ. ಹತ್ತು ಗಂಟೆಗೆ ಬಂದು ಕೌಂಟರಿನ ಹಿಂದೆ ಕೂತರೆ ಸಂಜೆಯವರೆಗೂ ಅಲ್ಲೇ. ಮಗನ ವಿಷಯ ಅವರಿಗೆ ಗೊತ್ತಿಲ್ಲ. ಸೊಸೆ ಈಚೆಗೆ ತುಂಬ ಓಡಾಡುತ್ತಾಳೆ ಎಂಬುದು ಮಾತ್ರ ಗೊತ್ತು. ಒಂದು ದಿನ ಕರೆದು, ಏನಮ್ಮಾ, ಕಾಲಿಗೆ ಚಕ್ರ ಕಟ್ಟಿಸಿಕೊಂಡೆಯಾ, ಎಂದು ಕೇಳಿದರು. ಬೆನ್ನು ನೋವು ಮಾವ, ಕೂರಲಿಕ್ಕೆ ಆಗಲ್ಲ, ಎಂದೆ. ಹಾಗೆ ನಾನು ಕೂಡ ಸುಳ್ಳು ಹೇಳಿದೆ. ಆದರೆ ನಿಯಮ ನನಗಲ್ಲವಲ್ಲ.

ಮಾವನಿಗೆ ಹೆಸರುಗಳು ನೆನಪಿರುವುದಿಲ್ಲ. ಹಾಗಾಗಿ ಪ್ರತಿ ಗಿರಾಕಿಯ ಕಾರ್ಡಿನ ತಲೆಯ ಮೇಲೆ ಅವರವರ ಕೆಲಸ ಬರೆದು, ಕೆಲಸದ ಪ್ರಕಾರ ಡ್ರಾಯರಿನಲ್ಲಿ ಜೋಡಿಸಿಟ್ಟಿದ್ದಾರೆ. ಬಸ್ಸಿನವರು, ಬೇಕರಿಯವರು, ದರ್ಜಿಗಳು, ಮೇಷ್ಟ್ರುಗಳು. ಹಳೆಯ ಗಿರಾಕಿ ಹೊಸ ಕನ್ನಡಕಕ್ಕೆ ಬಂದರೆ ಲೆನ್ಸ್ ಉಜ್ಜುವ ಮೊದಲು ಹಳೆಯ ಕಾರ್ಡು ತೆಗೆದು ಹೊಸ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು. ನನಗೆ ಕೆಲಸ ಕಲಿಸುವಾಗ ಮಾವ ಮೊದಲು ಹೇಳಿಕೊಟ್ಟದ್ದು ಇದನ್ನೇ. ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ಚೀಟಿಯ ಮೇಲೆ ನನ್ನ ಗಂಡನ ಅಕ್ಷರ ಇರುತ್ತಿತ್ತು, ಅವನ ಅಳತೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ, ಸಾಕಿತ್ತು.

ಈಗ ಮತ್ತೆ ನೋಡಲು ಶುರುಮಾಡಿದ್ದೆ. ನೋಡಬೇಕಾದದ್ದನ್ನಲ್ಲ, ಎಲ್ಲವನ್ನೂ. ಕೈಗೆ ಏನಾದರೂ ಬೇಕಿತ್ತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಒಬ್ಬ ದರ್ಜಿಯ ಕಾರ್ಡು ಹುಡುಕುತ್ತ ಡ್ರಾಯರ್ ಎಳೆದವಳು ಅದನ್ನು ಮುಚ್ಚದೆ ಅದರ ಕೆಳಗಿನದನ್ನು ಎಳೆದೆ. 'ಲೈಬ್ರರಿ' ಎಂದು ಮಾವನ ಓರೆ ಅಕ್ಷರದಲ್ಲಿ ಬರೆದ ಒಂದೇ ಒಂದು ಕಾರ್ಡು ಅಲ್ಲಿತ್ತು.

ಅದರಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದು ಮೂರು ವರ್ಷದ ಹಿಂದಿನದು, ಮಾವ ಇನ್ನೂ ತಾವೂ ಕಣ್ಣು ನೋಡುತ್ತಿದ್ದ ಕಾಲದ್ದು. ಎರಡೂ ಕಣ್ಣಿಗೆ ಮೈನಸ್ ಐದೂವರೆ, ಅಂತರ ಅರವತ್ತೆರಡು. ಎರಡನೆಯದು ಹದಿನಾಲ್ಕು ತಿಂಗಳ ಹಿಂದಿನದು, ನನ್ನ ಗಂಡನ ಅಕ್ಷರ. ಮೈನಸ್ ಆರು, ಅಂತರ ಐವತ್ತೆಂಟು. ಕೆಳಗೆ ಮೂಲೆಯಲ್ಲಿ ಲೆನ್ಸ್ ಉಜ್ಜಿದವರ ಸಹಿ. ನನ್ನದು.

ಅಂತರ ಅಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ, ಮಿಲಿಮೀಟರ್ ಲೆಕ್ಕದಲ್ಲಿ. ಅದು ಸರಿಯಿದ್ದರೆ ಪ್ರತಿ ಲೆನ್ಸಿನ ನಡುಬಿಂದು ಪಾಪೆಯ ಎದುರಿಗೇ ಬರುತ್ತದೆ. ತಪ್ಪಿದರೆ ಕಣ್ಣು ಗಾಜಿನ ಪಕ್ಕದಿಂದ ನೋಡಬೇಕಾಗುತ್ತದೆ, ಇಡೀ ದಿನ ಒಂದನ್ನೊಂದು ಎಳೆಯುತ್ತ. ನಂಬರು ಬದಲಾಗುತ್ತದೆ, ಆದರೆ ಬೆಳೆದ ಮನುಷ್ಯರ ಪಾಪೆಗಳು ಹತ್ತಿರ ಸರಿಯುವುದಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಅವಳ ಕಣ್ಣುಗಳು ನಾಲ್ಕು ಮಿಲಿಮೀಟರ್ ಹತ್ತಿರ ಬಂದಿದ್ದವು.

ಅದು ಹೇಗೆ ಸಾಧ್ಯ ಎಂಬುದು ಈ ಕಸುಬಿನವರಿಗೆ ತಕ್ಷಣ ತಿಳಿಯುತ್ತದೆ. ಅಳತೆ ತೆಗೆದುಕೊಳ್ಳುವವನು ಗಿರಾಕಿಯ ಎದುರಿಗೆ ಒಂದು ಮೊಳ ದೂರದಲ್ಲಿ ಕೂರುತ್ತಾನೆ. ಸಣ್ಣ ಪಟ್ಟಿಯನ್ನು ಅವರ ಮೂಗಿನ ಮೇಲೆ ಹಿಡಿಯುತ್ತಾನೆ. ತನ್ನ ಬಲಗಣ್ಣು ಮುಚ್ಚಿ, ನನ್ನ ಎಡಗಣ್ಣು ನೋಡಿ ಅನ್ನುತ್ತಾನೆ. ಆಮೇಲೆ ಎಡಗಣ್ಣು ಮುಚ್ಚಿ, ಈಗ ಬಲಗಣ್ಣು ನೋಡಿ. ಹೀಗೆ ಒಂದೊಂದೇ ಕಣ್ಣು ಮುಚ್ಚಿದರೆ ಎದುರಿನವರ ಪಾಪೆ ನೇರಕ್ಕೆ ನಿಲ್ಲುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಎರಡೂ ಕಣ್ಣು ತೆರೆದುಕೊಂಡು ಕೂತರೆ ಎದುರಿನವರು ಅವನ ಮುಖವನ್ನೇ ನೋಡುತ್ತಾರೆ. ಹತ್ತಿರದ ಮುಖ ನೋಡುವಾಗ ಪಾಪೆಗಳು ಒಳಕ್ಕೆ ಬರುತ್ತವೆ. ಮೂರು, ಹೆಚ್ಚೆಂದರೆ ನಾಲ್ಕು ಮಿಲಿಮೀಟರ್.

ಅಂದರೆ ಆವತ್ತು ಅವನು ಕಣ್ಣು ಮುಚ್ಚಿರಲಿಲ್ಲ. ಅವಳೂ ಕಣ್ಣು ಸರಿಸಿರಲಿಲ್ಲ. ಆ ನೋಟವನ್ನು ಅವನು ಪಟ್ಟಿಯಿಂದ ಅಳೆದು, ಬರೆದು, ಪರದೆ ಸರಿಸಿ ನನ್ನ ಕೈಗೆ ಕೊಟ್ಟಿದ್ದ. ನಾನು ಅದನ್ನು ಗಾಜಿನಲ್ಲಿ ಕೊರೆದು ಸಹಿ ಹಾಕಿದ್ದೆ.

ಎಂಟು ತಿಂಗಳು ಎಂದಿದ್ದ. ಕಾರ್ಡು ಹದಿನಾಲ್ಕು ಅನ್ನುತ್ತಿತ್ತು. ಬೆಳಗ್ಗೆಯವರೆಗೆ ಹೇಗೆ ಕಳೆದೆನೋ ಗೊತ್ತಿಲ್ಲ. ಕಾರ್ಡನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೆ, ತೆಗೆದು ಡ್ರಾಯರಿಗೆ ಹಾಕಿದೆ, ಮತ್ತೆ ಜೇಬಿನಲ್ಲಿಟ್ಟುಕೊಂಡೆ.

ಇಪ್ಪತ್ತನೆಯ ಬೆಳಿಗ್ಗೆ ಶಟರಿನ ಹತ್ತಿರ ನಿಂತು ಕೇಳಿದೆ.

"ಅವಳ ಪಾಪೆ ಅಳೆಯುವಾಗ ನೀನು ಒಂದು ಕಣ್ಣು ಮುಚ್ಚಿದ್ದೆಯಾ?"

ಅವನು ಶಟರಿನ ಹಿಡಿಯಿಂದ ಕೈ ತೆಗೆದ. ಏನೋ ಲೆಕ್ಕ ಹಾಕುತ್ತಿರುವವನ ಹಾಗೆ ನೆಲ ನೋಡಿದ.

"ಆವತ್ತು ಏನೂ ಆಗಿರಲಿಲ್ಲ," ಎಂದ. "ನಿನ್ನಾಣೆ. ಅವರು ಬರೀ ಗಿರಾಕಿ ಆಗಿದ್ದರು."

"ಅದನ್ನ ನಾನು ಕೇಳಲಿಲ್ಲ."

"ನೆನಪಿಲ್ಲ."

ನೆನಪಿಲ್ಲ ಎಂಬುದು ಸುಳ್ಳೋ ಅಲ್ಲವೋ ನನ್ನ ನಿಯಮದಲ್ಲಿ ಇರಲಿಲ್ಲ. ಶಟರ್ ಎತ್ತಿದ. ಬೆಳಕು ಒಳಗೆ ಬಂತು. ಡಿಪೋದ ಡ್ರೈವರೊಬ್ಬ ನಡುವೆ ಮುರಿದು ಟೇಪು ಸುತ್ತಿದ ಕನ್ನಡಕ ಹಿಡಿದು ಹೊರಗೆ ಕಾಯುತ್ತಿದ್ದ. ನನ್ನ ಗಂಡ ಅವನನ್ನು ಬಲು ಪ್ರೀತಿಯಿಂದ ಒಳಗೆ ಕರೆದ.

ನಾನು ಒಳಗೆ ಹೋಗಿ ಯೋಚಿಸಿದೆ. ಯೋಚಿಸಿದೆ ಅಂದರೆ ನಡೆದಾಡಿದೆ. ಅವನು ಹೇಳುವುದು ನಿಜವಿರಬಹುದು. ಆ ದಿನ ಕೈಗೆ ಕೈ ತಾಗಿರಲಿಕ್ಕಿಲ್ಲ. ಅವನು ಎಣಿಸುವುದು ಮೊದಲು ಮುಟ್ಟಿದ ದಿನದಿಂದ, ನಾನು ಎಣಿಸುವುದು ಮೊದಲು ನೋಡಿದ ದಿನದಿಂದ. ಇಬ್ಬರ ಲೆಕ್ಕವೂ ಸರಿ, ಆರು ತಿಂಗಳು ಮಾತ್ರ ಮಧ್ಯದಲ್ಲಿ ಯಾರಿಗೂ ಸೇರದೆ ಉಳಿಯುತ್ತದೆ. ಆ ಆರು ತಿಂಗಳಲ್ಲಿ ನಾವು ಅಡುಗೆಮನೆಗೆ ಬಣ್ಣ ಹೊಡೆದಿದ್ದೆವು. ಅವನು ಏಣಿ ಹಿಡಿದಿದ್ದ, ನಾನು ಮೇಲಿದ್ದೆ.

ಇನ್ನೊಂದು ಯೋಚನೆ ಇದರ ಮಧ್ಯೆ ನುಗ್ಗುತ್ತಿತ್ತು. ಅದರ ಬಗ್ಗೆ ನನಗೇ ಸಿಟ್ಟು. ಆ ಹೆಂಗಸು ನಾನು ಮಾಡಿದ ತಪ್ಪು ಕನ್ನಡಕವನ್ನು ಹದಿನಾಲ್ಕು ತಿಂಗಳಿಂದ ಹಾಕಿಕೊಂಡಿದ್ದಾಳೆ. ಮೈನಸ್ ಆರಕ್ಕೆ ನಾಲ್ಕು ಮಿಲಿಮೀಟರ್ ಸಣ್ಣದಲ್ಲ. ಅವಳಿಗೆ ತಲೆ ಸಿಡಿಯುತ್ತಿರಬೇಕು. ಸಿಡಿಯಲಿ ಎಂದುಕೊಂಡೆ. ಅರ್ಧ ಗಂಟೆ ಹಾಗೇ ಅಂದುಕೊಂಡಿದ್ದು, ಆಮೇಲೆ ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಮಾವನಿಗೆ, ಸ್ಕ್ರೂ ಮುಗಿದಿದೆ, ತರುತ್ತೇನೆ, ಎಂದು ಹೇಳಿ ಹೊರಟೆ.

ಡಿಪೋದ ಗೋಡೆ ಬಹಳ ಉದ್ದ. ಅದರ ಪಕ್ಕದಲ್ಲಿ ನಡೆಯುತ್ತ ನಾನು ಏನು ಹೇಳಬೇಕೆಂದು ನಾಲ್ಕು ಥರ ಹೇಳಿಕೊಂಡೆ. ನಾಲ್ಕರಲ್ಲೂ ನಾನೇ ಗೆಲ್ಲುತ್ತಿದ್ದೆ.

ಲೈಬ್ರರಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಪತ್ರಿಕೆ ಓದುವ ಮೇಜಿನ ಮೇಲೆ ಒಬ್ಬ ಮುದುಕ ಗಲ್ಲಕ್ಕೆ ಕೈಯಿಟ್ಟು ನಿದ್ದೆ ಮಾಡುತ್ತಿದ್ದ. ಅವಳು ಪುಸ್ತಕಗಳಿಗೆ ತಾರೀಕಿನ ಸೀಲು ಒತ್ತುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಕಿವಿಯ ಹತ್ತಿರ ಬಿಳಿ ಕೂದಲು. ಅವಳನ್ನು ನಾನು ಅಂಗಡಿಯಲ್ಲಿ ಪರದೆಯ ಸಂದಿಯಿಂದ ಮಾತ್ರ ನೋಡಿದ್ದೆ. ತಲೆ ಎತ್ತಿ ನನ್ನನ್ನು ನೋಡಿದಳು, ನನ್ನ ಏಪ್ರನ್ನಿನ ಮೇಲಿದ್ದ ಗೂಬೆಯನ್ನು ನೋಡಿದಳು. ಸೀಲು ಕೈಯಲ್ಲೇ ನಿಂತಿತು.

"ನಿಮ್ಮ ಕನ್ನಡಕ ತಪ್ಪಾಗಿದೆ," ಎಂದೆ. ದಾರಿಯಲ್ಲಿ ಹೇಳಿಕೊಂಡ ನಾಲ್ಕರಲ್ಲಿ ಈ ಮಾತು ಇರಲಿಲ್ಲ. "ಅಳತೆ ತಗೋಬೇಕು."

ಅವಳು ಅದನ್ನು ಬೈಗುಳ ಎಂದು ತಿಳಿದಿರಬೇಕು. ಮುದುಕನ ಕಡೆ ನೋಡಿ, ಮೆಲ್ಲಗೆ, ಇಲ್ಲಿ ಬೇಡ, ಎಂದಳು. ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ಭಾರ ಹೇರಿಟ್ಟಿದ್ದ ಕೋಣೆ ಅದು. ಬಾಗಿಲು ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು, ನೀವು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ ಎಂಬಂತೆ ನಿಂತಳು. ಆ ನಿಲುವು ನನಗೆ ಸಹಿಸಲಾಗಲಿಲ್ಲ. ಕೂತ್ಕೊಳ್ಳಿ ಎಂದೆ. ಕೂತಳು. ನಾನು ಕಾರ್ಡು ತೆಗೆದು ಎರಡು ಸಂಖ್ಯೆಗಳನ್ನು ತೋರಿಸಿ, ಇವೆರಡೂ ಒಂದೇ ಇರಬೇಕಿತ್ತು ಎಂದು ಹೇಳಿದೆ. ಯಾಕೆ ಬೇರೆಯಾಯಿತು ಎಂದು ಹೇಳಲಿಲ್ಲ.

ಇಪ್ಪತ್ತು ದಿನಗಳಲ್ಲಿ ಮೊದಲ ಸಲ ನಾನೂ ಕೆಲಸಕ್ಕೆಂದು ಒಂದು ಕುರ್ಚಿ ಎಳೆದುಕೊಂಡು ಕೂತೆ. ಒಂದು ಮೊಳ ದೂರ. ಕನ್ನಡಕ ತೆಗೆದ ಅವಳ ಮುಖ ಬೇರೆಯಾಗಿತ್ತು, ಹಾಸಿಗೆಯಿಂದ ಈಗಷ್ಟೇ ಎದ್ದವರ ಹಾಗೆ. ಈ ಮುಖವನ್ನು ಅವನು ನೋಡಿದ್ದಾನೆ ಎಂದುಕೊಂಡೆ. ಪಟ್ಟಿಯನ್ನು ಅವಳ ಮೂಗಿನ ಮೇಲೆ ಹಿಡಿದೆ. ಬಲಗಣ್ಣು ಮುಚ್ಚಿದೆ.

"ನನ್ನ ಎಡಗಣ್ಣು ನೋಡಿ."

ನೋಡಿದಳು. ಪಟ್ಟಿಯ ಸೊನ್ನೆಯನ್ನು ಅವಳ ಪಾಪೆಯ ನೇರಕ್ಕೆ ತಂದೆ.

"ಈಗ ಬಲಗಣ್ಣು."

ಅರವತ್ತೆರಡು. ಇನ್ನೊಮ್ಮೆ ಅಳೆದೆ. ಅರವತ್ತೆರಡೇ. ಕಾರ್ಡಿನಲ್ಲಿ ಬರೆದುಕೊಳ್ಳುವಾಗ ಕೇಳಿದೆ, ತಲೆ ನೋಯುತ್ತಿತ್ತಾ ಎಂದು. ಕೇಳಲೇಬೇಕಾದ ಪ್ರಶ್ನೆ ಅದು, ಎಲ್ಲ ಗಿರಾಕಿಗಳಿಗೂ ಕೇಳುವುದು.

"ದಿನಾ," ಎಂದಳು. "ಇಲ್ಲಿ, ಹುಬ್ಬಿನ ಮಧ್ಯೆ."

"ಬಂದು ಹೇಳಬೇಕಿತ್ತು."

"ಹೇಳಿದ್ದೆನಲ್ಲ. ಮೊದಲನೇ ವಾರವೇ ಬಂದಿದ್ದೆ. ರೂಢಿ ಆಗುತ್ತೆ ಅಂದರು. ಆಮೇಲೆ ಇನ್ನೊಂದು ಸಲ…" ಅವಳು ಮಾತು ತುಂಡುಮಾಡಿ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸಿದಳು. "ಆಮೇಲೆ ಕೇಳಲಿಲ್ಲ. ಮಾಡಬಾರದ್ದು ಮಾಡ್ತಿದ್ದೀನಿ, ಅದಕ್ಕೇ ತಲೆ ನೋಯುತ್ತೆ ಅಂದ್ಕೊಂಡಿದ್ದೆ."

ನನಗೆ ನಗು ಬಂತು. ತಡೆಯಲು ನೋಡಿದೆ, ಮೂಗಿನಿಂದ ಹೊರಟಿತು. ಅವಳು ಗಾಬರಿಯಿಂದ ನನ್ನನ್ನು ನೋಡಿದಳು, ಕನ್ನಡಕವಿಲ್ಲದೆ ನನ್ನ ಮುಖ ಸರಿಯಾಗಿ ಕಾಣಿಸದೆ ಇನ್ನೂ ಮುಂದಕ್ಕೆ ಬಾಗಿದಳು. ಅದನ್ನು ಕಂಡು ನಗು ಇನ್ನೂ ಹೆಚ್ಚಾಯಿತು. ಪಾಪಪ್ರಜ್ಞೆ ಅಲ್ಲ ಕಣ್ರೀ, ನಾಲ್ಕು ಮಿಲಿಮೀಟರ್, ಎಂದು ಹೇಗೋ ಹೇಳಿದೆ. ಆಗ ಅವಳೂ, ಬೇಡಬೇಡವೆಂದೇ, ಒಂದು ಸಲ ನಕ್ಕಳು. ನಕ್ಕದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ಹೊರಗೆ ಮುದುಕ ಕೆಮ್ಮಿದ. ನಾನು ಎದ್ದೆ.

ಅವಳು ಡ್ರಾಯರಿನಿಂದ ಹಳೆಯ ಕನ್ನಡಕ ತೆಗೆದು ಹಾಕಿಕೊಂಡು, ನಾನು ಮಾಡಿದ್ದನ್ನು ನನ್ನ ಕೈಗೆ ಕೊಟ್ಟಳು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನೇನು ಮಾಡುತ್ತಿದ್ದೆನೋ.

ಡಿಪೋದ ಗೋಡೆಯ ಪಕ್ಕ ವಾಪಸು ಬರುವಾಗ ನಡಿಗೆ ಓಟವಾಗಿತ್ತು. ಮೊದಲನೇ ವಾರವೇ ಬಂದಿದ್ದಳು. ರೂಢಿ ಆಗುತ್ತೆ ಅಂದಿದ್ದ. ಅವನಿಗೆ ಗೊತ್ತಿತ್ತು. ಇಷ್ಟು ವರ್ಷದ ಕಸುಬಿನವನಿಗೆ, ತಲೆನೋವು ಎಂದು ಗಿರಾಕಿ ಬಂದರೆ ಮೊದಲು ನೋಡಬೇಕಾದದ್ದು ಅಂತರವನ್ನೇ ಎಂದು ಗೊತ್ತಿರದೆ ಇರುತ್ತದೆಯೇ? ಮತ್ತೆ ಅಳೆದರೆ ಹೊಸ ಲೆನ್ಸು, ಹೊಸ ಲೆನ್ಸೆಂದರೆ ಕಾರ್ಡು ನನ್ನ ಮೇಜಿಗೆ, ನನ್ನ ಮೇಜಿಗೆ ಬಂದರೆ ಎರಡು ಸಂಖ್ಯೆ ಅಕ್ಕಪಕ್ಕ. ಅದರ ಬದಲು ಅವಳಿಗೆ ತಲೆ ನೋಯಲಿ. ಅವಳ ಮನೆಗೆ ಹೋಗುತ್ತಿದ್ದ, ಚಪ್ಪಲಿ ಬಾಗಿಲೊಳಗೆ ಬಿಡುತ್ತಿದ್ದ, ಅವಳು ಹುಬ್ಬಿನ ಮಧ್ಯೆ ಬೆರಳಿಟ್ಟು ಒತ್ತಿಕೊಳ್ಳುವುದನ್ನು ಎದುರಿಗೆ ಕೂತು ನೋಡುತ್ತಿದ್ದ. ಎಂಟು ತಿಂಗಳು. ನನಗೆ ಮಾಡಿದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಇದು ಗಂಟಲಿನಲ್ಲಿ ಇಳಿಯಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾವ ಕೌಂಟರಿನಲ್ಲಿ ಪೇಪರು ಓದುತ್ತಿದ್ದರು. ಸ್ಕ್ರೂ ಸಿಕ್ತಾ ಎಂದು ಕೇಳಿದರು. ಸಿಕ್ತು ಎಂದೆ. ಗಂಡನನ್ನು ಹಿಂದಿನ ಕೋಣೆಗೆ ಕರೆದು ಲೈಬ್ರರಿಯವಳ ಕನ್ನಡಕವನ್ನು ಮೇಜಿನ ಮೇಲಿಟ್ಟೆ.

"ಇವತ್ತಿನ ಪ್ರಶ್ನೆ ಮುಗಿದಿದೆ," ಎಂದೆ. "ಆದರೂ ಕೇಳ್ತೀನಿ. ತಲೆನೋವು ಅಂತ ಅವಳು ನಿನ್ನ ಹತ್ತಿರ ಬಂದಿದ್ದಳಾ?"

ಅವನು ಸುಳ್ಳು ಹೇಳುತ್ತಾನೆ ಎಂದು ಕಾದೆ. ನಿಜ ಹೇಳಬೇಕೆಂದರೆ, ಹೇಳಲಿ ಎಂದು ಬಯಸಿದೆ. ಒಂದು ಇಲ್ಲ ಅಂದರೆ ಸಾಕು, ನನ್ನ ದಾರಿ ತಾನಾಗಿ ತೆರೆಯುತ್ತಿತ್ತು.

"ಬಂದಿದ್ದರು," ಎಂದ. "ಎರಡು ಸಲ."

"ಮತ್ತೆ ಯಾಕೆ ಮಾಡಿಕೊಡಲಿಲ್ಲ?"

"ಕಾರ್ಡು ನಿನ್ನ ಕೈಗೆ ಬರ್ತಿತ್ತು."

ಎಲ್ಲವೂ ನಿಜ. ನಿಯಮದ ಪ್ರಕಾರ ಅವನು ಪಾಸು. ನಾನು ಉಳಿಯಬೇಕು. ಯಂತ್ರದ ಪಕ್ಕದಲ್ಲಿ ನಿಂತಿದ್ದ ನನಗೆ, ನಾನು ಇಪ್ಪತ್ತು ದಿನಗಳಿಂದ ಇಟ್ಟಿದ್ದ ಪರೀಕ್ಷೆಯೇ ತಪ್ಪು ಎನ್ನಿಸಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ನಾನೊಬ್ಬಳೇ ಕೇಳುತ್ತಿರುವಾಗ ನಿಜ ಹೇಳುವುದು ಅವನಿಗೆ ಕಷ್ಟವೇ ಆಗಿರಲಿಲ್ಲ. ಹೇಳಿ ಹಗುರಾಗುತ್ತಿದ್ದ. ದಿನದಿಂದ ದಿನಕ್ಕೆ ಅವನ ನಿದ್ದೆ ಚೆನ್ನಾಗಿ ಆಗುತ್ತಿತ್ತು.

"ಇದನ್ನ ಈಗ ಹೊಸದಾಗಿ ಮಾಡಿಕೊಡಬೇಕು. ಹೋಗಿ ಮಾವನ ಹತ್ತಿರ ಬರೆಸಿಕೊಂಡು ಬಾ," ಎಂದೆ.

ಅದು ಮಾವನ ಪದ್ಧತಿ. ನಮ್ಮ ತಪ್ಪಿನಿಂದ ಕನ್ನಡಕ ಮತ್ತೆ ಮಾಡಬೇಕಾಗಿ ಬಂದರೆ ಕಾರ್ಡಿನ ಹಿಂಭಾಗದಲ್ಲಿ ಕಾರಣವನ್ನು ಅವರೇ ಕೈಯಾರೆ ಬರೆಯುತ್ತಾರೆ. ಎರಡೇ ಕಾರಣಗಳು. ಅಳತೆ ತಪ್ಪು, ಇಲ್ಲವೇ ಕೆಲಸ ತಪ್ಪು. ಅಳತೆ ಅಂದರೆ ಮುಂದಿನ ಕೋಣೆ, ಕೆಲಸ ಅಂದರೆ ಹಿಂದಿನದು. ತಪ್ಪು ಮಾಡಿದವರೇ ಮಾವನ ಎದುರಿಗೆ ನಿಂತು ಹೇಳಬೇಕು. ಮಾವ ಬೈಯುವುದಿಲ್ಲ, ಬರೆಯುತ್ತಾರೆ ಅಷ್ಟೆ. ನಾನು ಆ ಕೌಂಟರಿನ ಎದುರು ಆರೇಳು ಸಲ ನಿಂತಿದ್ದೇನೆ. ನನ್ನ ಗಂಡ ಒಮ್ಮೆಯೂ ನಿಂತಿರಲಿಲ್ಲ.

"ಏನಂತ ಹೇಳಲಿ?" ಎಂದ.

"ಅಳತೆ ತಪ್ಪು ಅಂತ. ಇನ್ನೇನೂ ಹೇಳೋದು ಬೇಡ. ಎರಡು ಮಾತು."

ನಾನು ಕೇಳಿದ್ದು ಅಷ್ಟೇ. ಅಪ್ಪನೆದುರು ಎಲ್ಲ ಬಿಚ್ಚಿಡು ಎಂದು ಹೇಳಲಿಲ್ಲ. ಆ ಎರಡು ಮಾತನ್ನು ಅವನು ಹೊರಗೆ ಹೇಳಿಬಿಟ್ಟರೆ ನಾನು ನಾಳೆ ಪ್ರಶ್ನೆ ಕೇಳುವುದಿಲ್ಲ, ನಾಡಿದ್ದೂ ಕೇಳುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿದೆ. ಅವನು ಕಾರ್ಡು ತೆಗೆದುಕೊಂಡು ಪರದೆ ಸರಿಸಿ ಹೋದ. ನಾನು ಹೊಸ ಲೆನ್ಸ್ ತೆಗೆದು ನಡುಬಿಂದುವಿಗೆ ಶಾಯಿಯ ಚುಕ್ಕೆ ಇಟ್ಟೆ. ಯಂತ್ರ ಹಾಕಲಿಲ್ಲ. ಕೇಳಿಸಬೇಕಿತ್ತು.

ಮಾವ ಪೇಪರು ಮಡಿಸಿದ ಸದ್ದು. ಯಾರದ್ದು ಎಂದು ಕೇಳಿದರು. ಲೈಬ್ರರಿಯವರದ್ದು ಎಂದ. ಎಷ್ಟು ದಿನ ಆಯ್ತು ಎಂದು ಕೇಳಿದರು. ಹೇಳಿದ. ಹದಿನಾಲ್ಕು ತಿಂಗಳಾ, ಅಯ್ಯೋ ಪಾಪ, ಆ ಹೆಂಗಸಿಗೆ ಎಷ್ಟು ತಾಳ್ಮೆ, ಎಂದು ಮಾವ ಲೊಚಗುಟ್ಟಿದರು. ಪೆನ್ನಿನ ಟೋಪಿ ತೆಗೆದರು.

"ಏನಂತ ಬರೀಲಿ? ನಿಂದೋ, ಅವಳದ್ದೋ?"

ಹೊರಗೆ ಒಂದು ಬಸ್ಸು ಡಿಪೋದೊಳಗೆ ತಿರುಗಿಕೊಂಡಿತು.

"ಕೆಲಸ ತಪ್ಪು ಅಂತ ಬರೀರಿ ಅಪ್ಪ," ಎಂದ. "ಉಜ್ಜುವಾಗ ಸ್ವಲ್ಪ ಆಚೀಚೆ ಆಗಿದೆ. ಅವಳಿಗೂ ಬೆನ್ನು ನೋವಲ್ವಾ."

ಬೆನ್ನು ನೋವು. ಅದನ್ನೂ ಸೇರಿಸಿದ. ಹದಿನಾಲ್ಕು ತಿಂಗಳ ಹಿಂದಿನ ಗಾಜಿಗೆ ಈ ತಿಂಗಳಿನ ಬೆನ್ನು ನೋವು.

ಆಶ್ಚರ್ಯವೆಂದರೆ ಕೂಗಬೇಕೆಂದು ಅನ್ನಿಸಲಿಲ್ಲ. ಯಂತ್ರ ಹಾಕಿದೆ. ಎರಡೂ ಲೆನ್ಸುಗಳನ್ನು ಉಜ್ಜಿದೆ. ಫ್ರೇಮಿಗೆ ಕೂರಿಸಿದೆ, ಅಳೆದು ನೋಡಿದೆ, ಅರವತ್ತೆರಡು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪೂರ್ತಿ ಅರ್ಧ ಗಂಟೆ ಕಿಟಕಿಗೂ ಹೋಗಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿ ಮುಂದಕ್ಕೆ ಹೋದೆ. ಮಾವ ಕಾರ್ಡು ಮುಂದಿಟ್ಟುಕೊಂಡು ಹಾಗೇ ಕೂತಿದ್ದರು. ಕಾರಣದ ಜಾಗ ಇನ್ನೂ ಖಾಲಿ ಇತ್ತು. ನನ್ನ ಗಂಡ ಪಕ್ಕದಲ್ಲಿ ನಿಂತು ಫ್ರೇಮುಗಳನ್ನು ಸುಮ್ಮನೆ ತಿರುಗಿಸಿ ಇಡುತ್ತಿದ್ದ.

"ನಡುಬಿಂದು ಎರಡು ಕಡೆಗೂ ಸಮ ಸರಿದಿದೆ ಕಣಮ್ಮ," ಎಂದರು ಮಾವ. ಹಳೆಯ ಲೆನ್ಸುಗಳು ಅವರ ಕೈಯಲ್ಲಿದ್ದವು, ಯಾವಾಗ ಒಳಗೆ ಬಂದು ತೆಗೆದುಕೊಂಡು ಹೋಗಿದ್ದರೋ ಗಮನಿಸಿರಲಿಲ್ಲ. "ಉಜ್ಜೋವಾಗ ಜಾರಿದರೆ ಒಂದು ಕಡೆ ಜಾರುತ್ತೆ. ಹೀಗೆ ಲೆಕ್ಕ ಹಾಕಿದ ಹಾಗೆ ಜಾರಲ್ಲ. ಕಾರ್ಡಿನಲ್ಲೂ ಐವತ್ತೆಂಟು ಅಂತಲೇ ಇದೆ."

"ಕೆಲಸ ಸರಿ ಇತ್ತು ಮಾವ."

"ಹಾಗಾದರೆ?"

"ಅದನ್ನ ಅವನು ಹೇಳ್ತಾನೆ. ಹೇಳಿದ್ದನ್ನ ಬರ್ಕೊಳ್ಳಿ. ನಾನು ಅಕ್ಕನ ಮನೆಗೆ ಹೋಗ್ತೀನಿ."

ಎಷ್ಟು ದಿನಕ್ಕೆ ಎಂದು ಮಾವ ಕೇಳಲಿಲ್ಲ. ಮಗನ ಕಡೆ ತಿರುಗಿದರು. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಎಲ್ಲವೂ ಇತ್ತು, ಪಶ್ಚಾತ್ತಾಪ, ಭಯ, ನಾಳೆಯ ಪ್ರಶ್ನೆಗೆ ಕೊಡಬಹುದಾದ ಒಳ್ಳೆಯ ಉತ್ತರ. ನಾನು ಲೈಬ್ರರಿಯವಳ ಕನ್ನಡಕವನ್ನು ಕೌಂಟರಿನ ಮೇಲಿಟ್ಟು ಮೆಟ್ಟಿಲಿಳಿದೆ.

ಬೀದಿಯಲ್ಲಿ ಮಧ್ಯಾಹ್ನದ ಕೊನೆಯ ಬಿಸಿಲು. ಬಸ್ ಸ್ಟಾಪಿಗೆ ಬಂದಮೇಲೆ ಏಪ್ರನ್ ತೆಗೆಯಲು ಮರೆತದ್ದು ಗೊತ್ತಾಯಿತು. ಗಾಜಿನ ಪುಡಿ ಅಂಟಿ ಅದು ಬಿಳಿಚಿಕೊಂಡಿತ್ತು. ಬಿಚ್ಚಿ ಸುತ್ತಿ ಕೈಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ರಸ್ತೆಯ ಆ ತುದಿಯ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಅದು ಎಷ್ಟನೇ ನಂಬರಿನ ಬಸ್ಸಮ್ಮ? ನಂಗೆ ಬರೀ ಮಂಜು ಮಂಜು."

"ಹದಿನೇಳು ಅಜ್ಜಿ."

"ನನ್ನದಲ್ಲ. ನಿನ್ನದಾ?"

ಇಂಥವರನ್ನು ಕಂಡರೆ, ನಮ್ಮ ಅಂಗಡಿ ಇಲ್ಲೇ ಇದೆ, ಒಂದು ಸಲ ಕಣ್ಣು ತೋರಿಸಿ ಅಜ್ಜಿ, ಎಂದು ಹೇಳಿ ಅಭ್ಯಾಸ. ಬಾಯಿಯ ತುದಿಯವರೆಗೆ ಬಂತು. ಹೇಳಲಿಲ್ಲ. ನನ್ನದೂ ಅಲ್ಲ ಎಂದು ಹೇಳಿ ಅವಳ ಪಕ್ಕದಲ್ಲಿ ಕೂತು, ಬರುವ ಒಂದೊಂದು ಬಸ್ಸಿನ ನಂಬರನ್ನೂ ಓದಿ ಹೇಳುತ್ತ ಹೋದೆ.